ಸದ್ದು ಮಾಡುವ ಮೀನು

ಅವ್ವ ಮೊದಲು ಇದನ್ನು ಮರ ಅಂದುಕೊಂಡಿದ್ದಳಂತೆ.
ತೊಗಟೆ ಸುಲಿದ ಕೊರಡು.
ಆಮೇಲೆ ಅದನ್ನೇ ಗರಗಸ ಹಿಡಿದು
ಅಬಾ ಪೇಟೆಯ ಮೂರನೇ ಸಾಲಿನಲ್ಲಿ
ನಲವತ್ತು ವರ್ಷ ಕೊಯ್ದು ಮಾರಿದಳು.
ಗೋಣಿಯ ಮೇಲಿನ ಊರಿನ ಹೆಸರು
ಅವಳಿಗೆ ಓದಲು ಬರುತ್ತಿರಲಿಲ್ಲ.
ನಾರ್ವೆ ಅಂದರೆ ಅವಳ ಲೆಕ್ಕದಲ್ಲಿ
ಒಬ್ಬ ಸಾಹುಕಾರ: ಬಿಳಿಗಡ್ಡ,
ಮಾತು ಕಡಿಮೆ, ತೂಕ ಸರಿ.

ಇವತ್ತು ಆ ಸಾಹುಕಾರನ ಅಂಗಳದಲ್ಲಿ ನಿಂತಿದ್ದೇನೆ,
ವ್ಯಾಪಾರ ನಿಯೋಗದ ಹನ್ನೊಂದನೆಯವಳಾಗಿ.
ಎರವಲು ಕೋಟು, ಕೊರಳಲ್ಲಿ ಹೆಸರಿನ ಬಿಲ್ಲೆ.
ಲೋಫೋಟೆನ್ನಿನ ಜೂನಿಗೂ ಹಲ್ಲು ಕಟಕಟ.
ಬಂಡೆಯಿಂದ ಬಂಡೆಗೆ ಗಳಗಳ ಅಟ್ಟಣಿಗೆ,
ಇಳಿಸಿ ಮುಗಿಯದ ಮೀನು ಬಾಲಕ್ಕೆ ಬಾಲ ಬಿಗಿದು
ಗಳದ ಆಚೆಗೊಂದು ಈಚೆಗೊಂದು.
ಉಪ್ಪಿಲ್ಲ, ಹೊಗೆಯಿಲ್ಲ,
ಗಾಳಿಯೊಂದೇ ಕೂಲಿ ಕೇಳದೆ ದುಡಿದದ್ದು.

ರಾಯಭಾರಿಯವರು 'ಉಭಯ ದೇಶಗಳ ಬಾಂಧವ್ಯ'ದವರೆಗೆ ಬಂದಿದ್ದರು.
ಹಾಳೆ ಹಾರಿ ಒಣತಲೆಗಳ ಸಾಲಿಗೆ ಸಿಕ್ಕಿಕೊಂಡಿತು.
ಮುಂದಿನದು ಬಾಯಿಪಾಠ ಇರಲಿಲ್ಲ.
ಎಲ್ಲರೂ ಚಪ್ಪಾಳೆ ತಟ್ಟಿದೆವು.

ಗೋದಾಮಿನಲ್ಲಿ ತೂರ್ಲೈಫ್, ವಿಂಗಡಿಸುವವನು.
ಬೆನ್ನು ತಡವುತ್ತಾನೆ, ಕಿವಿರಿಗೆ ಮೂಗು ಹಚ್ಚುತ್ತಾನೆ,
ಎಸೆಯುತ್ತಾನೆ. ಇದು ಇಟಲಿಗೆ.
ಇದು ಇಟಲಿಗೆ. ಇದೂ.
ಇದು, ಹಿಮ ಕಚ್ಚಿದ್ದು, ಹೊಟ್ಟೆ ಬಿರಿದದ್ದು, ನಿಮಗೆ.
ತಲೆಗಳಂತೂ ಅಷ್ಟೂ ನಿಮಗೇ.

'ಎರಡನೇ ದರ್ಜೆ ಅಂತ ಬರೆದವರು ಯಾರು?'
'ನಮ್ಮಪ್ಪ. ಅವನಿಗೆ ಅವನಪ್ಪ.'
ಕತ್ತು ತುರಿಸಿಕೊಂಡು ಮತ್ತೆ ಹೇಳಿದ:
'ನಾವು ತಲೆ ತಿನ್ನುವುದಿಲ್ಲ.'
'ನೋಡಿದರೇ ಗೊತ್ತಾಗುತ್ತೆ' ಅಂದೆ.
ನಡುವೆ ನಿಂತ ದುಭಾಷಿ ಸೊಮ್ತೊ,
ಇಲ್ಲಿನ ಆಸ್ಪತ್ರೆಯ ನಮ್ಮೂರ ನರ್ಸಿನ ಮಗ,
ನಮ್ಮ ಇಗ್ಬೋವನ್ನು ಈ ದ್ವೀಪದ ರಾಗದಲ್ಲಿ ಎಳೆಯುವವನು,
ಅದೊಂದನ್ನು ನುಂಗಿಕೊಂಡು
ಹವೆಯ ಬಗ್ಗೆ ಏನೋ ಹೇಳಿದ.

ಯುದ್ಧದಲ್ಲಿ ಅವ್ವನಿಗೆ ಒಂಬತ್ತು ವರ್ಷ.
ದೀಪ ಆರಿಸಿಕೊಂಡು ವಿಮಾನ
ಕತ್ತಲಲ್ಲಿ ಟಾರು ರಸ್ತೆಯ ಮೇಲೇ ಇಳಿಯುತ್ತಿತ್ತು.
ಹೊಟ್ಟೆ ಉಬ್ಬಿ ಕೂದಲು ಕೆಂಚಾದ ತಮ್ಮನ ಪಾಲಿಗೆ
ಒಂದು ತುಂಡು ಕೊರಡು ಕೊಟ್ಟರು.
ನೆನೆಯಲು ಎರಡು ದಿನ ಬೇಕು.
ತಮ್ಮ ಒಂದು ದಿನ ಕಾದ.
ಅವಳು ಇದನ್ನು ಹೇಳಿದ್ದು ಒಂದೇ ಸಲ,
ಗರಗಸದ ಹಲ್ಲಿಗೆ ಎಣ್ಣೆ ಹಚ್ಚುತ್ತ.

ರಾತ್ರಿ ಎನ್ನಬೇಕಾದ ಹೊತ್ತು, ಸೂರ್ಯ ಕಡಲಂಚಿನಲ್ಲಿ ಕೂತೇ ಇದ್ದಾನೆ.
ತೂರ್ಲೈಫನ ಮನೆ. ಹಳೆಯ ಲೆಕ್ಕದ ಪುಸ್ತಕ ತಂದು ಬಿಡಿಸಿದ.
ಡಾಲರು ಸಿಗದೆ ಬ್ಯಾಂಕು ಕೈಚೆಲ್ಲಿದ ವರ್ಷ.
ದಲ್ಲಾಳಿಯ ಹೆಸರಿನ ಕೆಳಗೆ, ಅರವತ್ತು ಗೋಣಿಯ ಎದುರು,
ಅವ್ವನ ಹೆಸರು. ನ್ವಾನ್ಯೆಕೆ.
ಕಾಗುಣಿತ ತಪ್ಪು. ಪಕ್ಕದಲ್ಲಿ: ಬಾಕಿ.
ಎರಡು ಪುಟ ದಾಟಿ, ಬೇರೆ ಶಾಯಿಯಲ್ಲಿ, ಒಂದು ಗೀಟು.
ಅಷ್ಟೇ. ಯಾವ ಒಪ್ಪಂದಕ್ಕೂ
ಅಂಥ ನೆಟ್ಟಗಿನ ಗೀಟು ನಾನು ಕಂಡಿಲ್ಲ.

ತಲೆಗಳನ್ನು ಮೊನ್ನೆಯೇ ನೆನೆಹಾಕಲು ಹೇಳಿಕಳಿಸಿದ್ದೆ.
ಓಷಿಲ್ಡ್ ಬಟ್ಟಲ ಮೇಲೆ ತಟ್ಟೆ ಮುಚ್ಚಿ,
ಅದರ ಮೇಲೊಂದು ಕಲ್ಲಿಟ್ಟಿದ್ದಳು,
ಎದ್ದು ಓಡಿ ಹೋದಾವೆಂಬಂತೆ.
ಚೀಲದಿಂದ ಕಹಿಸೊಪ್ಪು, ಮೆಣಸು,
ನಾಲ್ಕು ಸುತ್ತು ಪ್ಲಾಸ್ಟಿಕ್ಕಿನಲ್ಲೂ ನಾರುವ ಒಗಿರಿ.
ಅವಳು ಕಿಟಕಿ ತೆರೆದಳು. ತಡೆದು, ಅರ್ಧ ಮುಚ್ಚಿದಳು.

ನೀರು ಕುದಿ ಹಿಡಿಯಿತು.
ಎಲುಬು ಪಾತ್ರೆಯ ಗೋಡೆಗೆ ಬಡಿಯತೊಡಗಿತು:
ಒಕ್, ಪೊರೊಕೊ. ಒಕ್ಪೊರೊಕೊ.
ನಮ್ಮಲ್ಲಿ ಇದರ ಹೆಸರೇ ಈ ಸದ್ದು ಅಂದೆ.
ಈ ಸಲ ಸೊಮ್ತೊ ಒಂದಕ್ಷರ ಬಿಡದೆ ಹೇಳಿದ.

ಐವತ್ತು ವರ್ಷ ಮೀನು ಮುಟ್ಟಿದ ತೂರ್ಲೈಫ್
ಕುರ್ಚಿ ಬಿಟ್ಟೆದ್ದು ಒಲೆಯ ಬಳಿ ಬಂದ,
ಮೂಸುವುದನ್ನು ಮರೆತು
ಮುಚ್ಚಳದ ಹತ್ತಿರ
ಕಿವಿ ತಂದ.